ಬೆಗಿಮಾಯ್ ಪಾಲಿನ ರೊಟ್ಟಿ

ಒಂದು ಮಹಡಿ ಹತ್ತುವಷ್ಟರಲ್ಲಿ ಒಂಬತ್ತು ವರ್ಷದ ಬೆಗಿಮಾಯ್ ಏದುಸಿರು ಬಿಡುತ್ತಿದ್ದಳು. ಶಾಲೆಯ ಡಾಕ್ಟರಮ್ಮ ತಾಲಾಯ್ ಬೆಳಗ್ಗೆಯೇ ಅವಳ ಅಪ್ಪ ಕೆಂಜೆಬೆಕನಿಗೆ ಮಂಗಳಾರತಿ ಮಾಡಿದರು.

"ಮೈಯ ಒಂದೊಂದು ಜೀವಕೋಶದೊಳಗೂ ಪುಟ್ಟ ಒಲೆ ಇರುತ್ತಪ್ಪ. ಓಡಿಯಾಡಿದ್ರೆ ಉರಿಯುತ್ತೆ. ಫೋನ್ ಮುಂದೆ ಕೂರಿಸಿ ಬೆಣ್ಣೆ, ಜಾಮ್ ತುರುಕಿದ್ರೆ ಮಂಕಾಗುತ್ತೆ. ಆಮೇಲೆ ಹೃದಯ ಒಂದೇ ಎಷ್ಟೂಂತ ಏಗಬೇಕು? ಇವತ್ತು ಚೆನ್ನಾಗಿ ಓಡಿಸು. ಸಂಜೆ ನಮ್ಮನೆಗೆ ಕರ್ಕೊಂಡು ಬಾ, ನಾಡಿ ನೋಡ್ತೀನಿ. ಸರಿ ಕಾಣದಿದ್ರೆ ರಾಜಧಾನಿ ಬಿಷ್ಕೆಕ್‌ನ ದೊಡ್ಡಾಸ್ಪತ್ರೆಗೇ ಹೋಗ್ಬೇಕು."

ದೊಡ್ಡಾಸ್ಪತ್ರೆ ಎಂದ ಕೂಡಲೇ ಕೆಂಜೆಬೆಕನ ಎದೆ ಧಸಕ್ಕೆಂದಿತು. ಹೆದರಿಕೆಯಾದರೆ ಅವನಿಗೆ ಬರುವುದು ಸಿಟ್ಟು. ಫೋನಿನ ಮೇಲೆ ಸಿಟ್ಟು, ತನ್ನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ತಾವಿರುವ ಐದು ಮಹಡಿಯ ಕಟ್ಟಡದ ಮುದುಕಿಯರ ಮೇಲೆ ಸಿಟ್ಟು. ಅವರ ಊರು ಕರಾಕೋಲ್‌ನಲ್ಲಿ ತೆರೆದ ಬಾಗಿಲ ಮುಂದೆ ಹಾದವರು ಚೂರು ರೊಟ್ಟಿಯನ್ನಾದರೂ ಬಾಯಿಗೆ ಮುಟ್ಟಿಸದೆ ಹೋಗುವಂತಿಲ್ಲ. ಹೋದರೆ ಆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಮಗು ಉಸಿರಿಗೆ ಒದ್ದಾಡುವಾಗ ಕೆನೆ ತುರುಕುವುದೂ ಪ್ರೀತಿಯಂತೆ!

"ಹತ್ತು, ಇಳಿ! ನಿಲ್ಲಬೇಡ!" ಎಂದು ಮಗಳನ್ನು ಮೆಟ್ಟಿಲ ಮೇಲೆ ಓಡಿಸಿದ, ಹಿಂದೆಯೇ ತಾನೂ ಹತ್ತಿದ.

ಎರಡನೇ ಮಹಡಿಯಲ್ಲೇ ಬುರುಲಜ್ಜಿ ಕೆನೆ ಸವರಿದ ರೊಟ್ಟಿ ಹಿಡಿದು ಅಡ್ಡ ನಿಂತಳು.

"ಅಯ್ಯೋ, ಕೂಸಿನ ಮುಖ ಹೇಗೆ ಬಾಡಿದೆ! ಬಾಯಿಗೆ ಮುಟ್ಟಿಸಿ ಹೋಗಮ್ಮ."

"ಅಜ್ಜಿ, ಕೊಡಬೇಡಿ! ಡಾಕ್ಟರಮ್ಮ ಬೇಡ ಅಂದಿದಾರೆ!"

"ರೊಟ್ಟೀನೇ ಬೇಡ ಅಂತೀಯೇನೋ? ನಿನ್ನ ತೊಟ್ಟಿಲು ತೂಗಿದ ಕೈ ಕಣೋ ಇದು!"

"ತೂಗಿದ್ದು ಸಾಕು. ನನ್ನ ಮಗಳನ್ನ ಕೊಲ್ಲಬೇಡಿ!"

ಅಜ್ಜಿ ಕಿರುಚಿದ್ದು ಐದೂ ಮಹಡಿಗೆ ಕೇಳಿಸಿತು. ಬಾಗಿಲುಗಳು ದಡಬಡ ತೆರೆದವು. "ದುರಹಂಕಾರ ನೋಡು ಇವನಿಗೆ!" "ಇವನ ಮದುವೇಲಿ ಪಾತ್ರೆ ತೊಳೆದೋರು ನಾವು!"

ಕೆಂಜೆಬೆಕ್ ಹಲ್ಲು ಕಡಿದ. "ಕೊಡಿ ಇಲ್ಲಿ! ಅವಳ ಪಾಲಿಂದು ನಾನೇ ತಿಂದು ಸಾಯ್ತೀನಿ!"

ಅಲ್ಲಿಂದ ಮುಂದೆ ಮಗಳು ಓಡುವುದು, ಅಪ್ಪ ತಿನ್ನುವುದು. ಒಂದು ಬಾಗಿಲಲ್ಲಿ ಬೆಣ್ಣೆ, ಇನ್ನೊಂದರಲ್ಲಿ ಜಾಮ್, ಮೇಲಿನ ಮಹಡಿಯಲ್ಲಿ ಬೋರ್ಸೋಕ್ ಎಂಬ ಎಣ್ಣೆ ಜಿನುಗುವ ಕರಿದ ಹಿಟ್ಟಿನುಂಡೆ. ಇಳಿಯುವಾಗ ಮತ್ತೆ ಅವೇ ಬಾಗಿಲುಗಳು. ಬೈಯುತ್ತಾ ನುಂಗಿದ, ನುಂಗುತ್ತಾ ಬೈದ. ಬಾಯಿ ತುಂಬಿ ಮಾತು ಹೊರಡದೆ ಅಪ್ಪ ಕಣ್ಣುಕಣ್ಣು ಬಿಡುವುದನ್ನು ನೋಡಲೆಂದೇ ಬೆಗಿಮಾಯ್ ಮಧ್ಯಾಹ್ನವಿಡೀ ನಗುತ್ತಾ ಹತ್ತಿಳಿದಳು.

ಸಂಜೆ ಡಾಕ್ಟರಮ್ಮ ತಮ್ಮ ಅಂಗಳದಲ್ಲಿ ಅವಳನ್ನು ಓಡಿಸಿ ನಾಡಿ ಹಿಡಿದರು.

"ಹೃದಯ ಗಟ್ಟಿಯಾಗಿದೆ ಕಣಯ್ಯಾ, ಓಡಿ ನಿಂತ್ಮೇಲೆ ನಾಡಿ ಬೇಗ ಹದಕ್ಕೆ ಬರ್ತಿದೆ. ಕೂತು ಕೂತು ಮೈ ಜಡ್ಡುಗಟ್ಟಿದೆ ಅಷ್ಟೇ. ದಿನಾ ಹೀಗೇ ಆಡಲಿ."

ಕೆಂಜೆಬೆಕನ ಕಣ್ಣು ತುಂಬಿ ಬಂತು. ನೆಮ್ಮದಿಯ ಉಸಿರು ಬಿಡಲು ಹೋದ, ತೇಗು ಬಂತು. ಡಾಕ್ಟರಮ್ಮ ಅನುಮಾನದಿಂದ ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಅವರ ಮುಖ ಕೆಂಪಾಯಿತು.

"ಏನೋ ಇದು, ಒಳಗೆ ಕುದುರೆ ಓಡ್ತಿದೆಯಲ್ಲೋ! ಇನ್ನೊಂದು ಚೂರು ಬೆಣ್ಣೆ ಮುಟ್ಟಿದ್ರೆ ನಿನ್ನನ್ನೇ ಬಿಷ್ಕೆಕ್‌ಗೆ ಕಳಿಸ್ತೀನಿ!"

"ಮುಟ್ಟಲ್ಲ ಡಾಕ್ಟರಮ್ಮ, ಆಣೆ," ಎಂದು ಅವನು ಗೇಟಿನತ್ತ ನಡೆದ.

"ಎಲ್ಲಿಗೆ?" ಹಿಂದಿನಿಂದ ಡಾಕ್ಟರಮ್ಮ ಗುಡುಗಿದರು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಬೆಣ್ಣೆಯ ಬಟ್ಟಲು. "ನನ್ನ ಮನೆಗೆ ಬಂದು ಬಾಯಿಗೆ ಮುಟ್ಟಿಸದೆ ಹೋಗ್ತೀಯಾ? ಏನಂದ್ಕೊಂಡಿದೀಯ ನನ್ನ?"

ಬೆಗಿಮಾಯ್ ಆಗಲೇ ಗೇಟಿನಾಚೆ ಓಡಿದ್ದಳು. ಅಲ್ಲಿಂದಲೇ ಕೂಗಿದಳು:

"ನನ್ನ ಪಾಲಿಂದೂ ಅಪ್ಪನೇ ತಿಂತಾನೆ!"