ಅತ್ತೆಯ ನಿದ್ದೆಯೂ ನಮ್ಮ ತಂಡದ ಸೆಮಿಫೈನಲ್ಲೂ

ಸೆಮಿಫೈನಲ್ ಸೋತ ಮರುದಿನ ಬೆಳಿಗ್ಗೆ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಎತ್ತಿ ಹಿಡಿದು ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಇನ್ನು ಮುಂದೆ ಈ ಮನೆಯಲ್ಲಿ ರಗ್ಬಿ ಎಂಬ ಎರಡಕ್ಷರ ಯಾರ ಬಾಯಿಂದಲೂ ಬೀಳಕೂಡದು! ನಾನು ನಲವತ್ತು ದಾಟಿದವನು, ಸ್ವಂತ ಕನ್ನಡಕದ ಅಂಗಡಿ ಇರುವವನು, ಊರಿನ ಅರ್ಧದಷ್ಟು ಮೂಗುಗಳ ಅಳತೆಯನ್ನು ಬಾಯಿಪಾಠ ಹೇಳಬಲ್ಲವನು. ಹದಿನೈದು ಜನ ಕೆಸರಿನಲ್ಲಿ ಉರುಳಾಡಿ ಮೊಟ್ಟೆಯಾಕಾರದ ಚೆಂಡೊಂದನ್ನು ಕೈಬಿಟ್ಟರೆ ನನ್ನ ಗಂಟೇನು ಹೋಯಿತು?

ಪ್ರತಿಜ್ಞೆ ಕಾಫಿಯವರೆಗೆ ಬಾಳಿತು.

ಅಡುಗೆಮನೆಯ ಮೇಜಿನ ಮುಂದೆ ನನ್ನ ಭಾಮೈದ ಕೂತಿದ್ದ. ಹೆಂಡತಿಯ ತಮ್ಮ, ಕಸುಬಿನಲ್ಲಿ ಲಿಫ್ಟ್ ಮೆಕ್ಯಾನಿಕ್. ಹಿಂದಿನ ದಿನ ಆಟ ಮುಗಿದಾಗ ತನ್ನ ಮನೆಗೆ ಹೋಗುವ ಚೈತನ್ಯವೂ ಉಳಿಯದೆ ನಮ್ಮ ಸೋಫಾದ ಮೇಲೇ ಉರುಳಿದವನು ಕಾಲಿನ ಬೂಟು ಸಹ ಬಿಚ್ಚಿರಲಿಲ್ಲ. ಕಾಫಿ ಲೋಟದ ತಳವನ್ನೇ ನೋಡುತ್ತಾ ಅವನು ಒಂದೇ ಒಂದು ಮಾತು ಹೇಳಿದ.

"ಭಾವ, ಚೆಂಡನ್ನ ಹೊರಗೆ ಒದ್ದಿದ್ರೆ ಸಾಕಿತ್ತಲ್ವಾ?"

ಅಷ್ಟೇ. ಐದು ನಿಮಿಷದಲ್ಲಿ ಮೇಜು ಮೈದಾನವಾಯಿತು. ಎಂಟು ಚಮಚಗಳು ನಮ್ಮ ಮುಂಚೂಣಿ, ಸಕ್ಕರೆ ಡಬ್ಬಿ ನಮ್ಮ ನಾಯಕ, ಉಪ್ಪಿನ ಡಬ್ಬಿ ಎದುರಾಳಿ. ಇಡೀ ಸೀಸನ್ನನ್ನು ಮೊದಲಿನಿಂದ ಆಡಿಸಿ ನೋಡಿದೆವು. ಹೇಗೆ ಆಡಿಸಿದರೂ ಕೊನೆಗೆ ಉಪ್ಪಿನ ಡಬ್ಬಿಯೇ ಗೆಲ್ಲುತ್ತಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಬಂದು ನಮ್ಮ ಮುಂಚೂಣಿಯನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಹೋಗಿ ತೊಳೆಯತೊಡಗಿದಳು. ಹಿಂದಿನ ಸಂಜೆಯಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಅದರ ಕಾರಣ ತಿಳಿಯಬೇಕಾದರೆ ನಾಲ್ಕು ತಿಂಗಳು ಹಿಂದಕ್ಕೆ ಹೋಗಬೇಕು.

ಅತ್ತೆ ಇರುವುದು ಭಾಮೈದನ ಮನೆಯಲ್ಲಿ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ, ಕಣ್ಣಿನ ವಿಷಯ ಬಲ್ಲ ಅಳಿಯನ ಹತ್ತಿರ ನಾಲ್ಕು ದಿನ ಇರಲಿ ಎಂದು ನಮ್ಮಲ್ಲಿಗೆ ಬಂದರು. ನಾಲ್ಕೇ ದಿನ! ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಆ ನಾಲ್ಕರಲ್ಲಿ ಒಂದು ದಿನ ಶನಿವಾರ, ಸೀಸನ್ನಿನ ಮೊದಲ ಪಂದ್ಯ. ಅರ್ಧ ಆಟಕ್ಕೆ ನಮ್ಮವರು ಹದಿನಾಲ್ಕು ಅಂಕ ಹಿಂದಿದ್ದರು. ಭಾಮೈದನೂ ನಾನೂ ಟೀವಿಗೆ ಬುದ್ಧಿ ಹೇಳುತ್ತಾ ಕೂತಿದ್ದಾಗ, ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ ತಲೆಯನ್ನು ಎಡಕ್ಕೆ ವಾಲಿಸಿ ಸಣ್ಣಗೆ ಗೊರಕೆ ಹೊಡೆಯತೊಡಗಿದರು. ಹೆಂಡತಿ ಬಂದು ತುಟಿಯ ಮೇಲೆ ಬೆರಳಿಟ್ಟಳು. ಆಪರೇಷನ್ ಆದ ಜೀವ, ಎಬ್ಬಿಸುವ ಹಾಗಿಲ್ಲ. ಟೀವಿಯ ಸದ್ದು ನಿಲ್ಲಿಸಿದೆವು, ನಮ್ಮ ಸದ್ದನ್ನೂ ನಿಲ್ಲಿಸಿದೆವು. ನಮ್ಮ ತಂಡ ಅಲ್ಲಿಂದ ಮೇಲೆದ್ದು ಎರಡು ಅಂಕದಿಂದ ಗೆದ್ದುಬಿಟ್ಟಿತು.

ಕಣ್ಣಿನ ಕೆಂಪು ಇಳಿಯಲಿ ಎಂದು ಆ ನಾಲ್ಕು ದಿನ ಎರಡು ವಾರವಾಯಿತು. ಎರಡನೇ ಶನಿವಾರ ಅತ್ತೆ ಎಚ್ಚರವಾಗಿದ್ದರು. ಇವರೆಲ್ಲ ಯಾಕೆ ತಲೆ ತಗ್ಗಿಸಿಕೊಂಡು ಒಬ್ಬರನ್ನೊಬ್ಬರು ತಳ್ಳುತ್ತಾರೆ ಎಂದು ಪಾಪ, ಒಂದು ಪ್ರಶ್ನೆ ಕೇಳಿದರು. ನಾನು ಬಹಳ ಹುರುಪಿನಿಂದ ಎಲ್ಲವನ್ನೂ ತಿಳಿಸಿ ಹೇಳಿದೆ. ಇಪ್ಪತ್ತು ಅಂಕದ ಸೋಲು. ಮೂರನೇ ಶನಿವಾರ ಅತ್ತೆ ನಿದ್ದೆ ಹೋದರು. ಗೆಲುವು!

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನೀವು ನಗಬಹುದು. ನೀವು ಅಭಿಮಾನಿಯಲ್ಲ, ಅದಕ್ಕೇ ನಗುತ್ತೀರಿ. ನಿಜವಾದ ಅಭಿಮಾನಿ ಮುಂದಿನ ವಾರ ಅದೇ ಕಾಗೆಯನ್ನು ಹಿಡಿದು ತಂದು ಅಂಥದೇ ಕೊಂಬೆಯ ಮೇಲೆ ಕೂರಿಸುತ್ತಾನೆ.

ನಾನು ಕೂರಿಸಿದೆ. ಕಣ್ಣಿಗೆ ಬಿಸಿಲು ತಾಗಬಾರದು, ಇನ್ನೊಂದು ವಾರ ಇರಲಿ ಎಂದೆ. ಆಮೇಲೆ ಕಣ್ಣಿಗೆ ಗಾಳಿ ತಾಗಬಾರದು ಎಂದೆ. ಆಮೇಲೆ ಬಸ್ಸಿನ ಕುಲುಕಾಟ ಒಳ್ಳೆಯದಲ್ಲ ಎಂದೆ. ಭಾಮೈದ ಎಲ್ಲದಕ್ಕೂ ತಲೆದೂಗಿದ. ಒಂಬತ್ತು ವರ್ಷ ಅತ್ತೆಯ ವಿಷಯದಲ್ಲಿ ಹುಂ, ಉಹುಂ ಎಂದುಕೊಂಡೇ ಇದ್ದ ನಾನು ಈಗ ಶನಿವಾರ ಬಂದರೆ ಅವರ ಬೆನ್ನಿಗೆ ದಿಂಬು, ಕಾಲಿಗೆ ಶಾಲು, ಊಟವಾದ ಮೇಲೆ ಒಂದು ಲೋಟ ಬಿಸಿ ಹಾಲು! ನನ್ನ ಹೆಂಡತಿ ಇದನ್ನೆಲ್ಲ ನೋಡಿ ಕರಗಿಹೋದಳು. ತಾಯಿಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಗಂಡ ತನಗಲ್ಲದೆ ಇನ್ಯಾರಿಗೆ ಸಿಕ್ಕಿದ್ದಾನೆ ಎಂದು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮುಂದಿನ ಪಂದ್ಯ ಬಹಳ ಬಲವಾದ ತಂಡದೊಡನೆ ಇತ್ತು. ನಾಚಿಕೆಯನ್ನು ಮುಂದೂಡಿದೆ.

ಬೆಳಕಿಗೆ ಅತ್ತೆಗೆ ಎಚ್ಚರವಾದೀತೆಂದು ನನ್ನ ಅಂಗಡಿಯಲ್ಲೇ ಅವರಿಗೊಂದು ಕಪ್ಪು ಕನ್ನಡಕ ಮಾಡಿಸಿಕೊಟ್ಟೆ. ಹೊರಗಿನಿಂದ ನೋಡಿದರೆ ಒಳಗೆ ಕಣ್ಣಿದೆಯೋ ಇಲ್ಲವೋ ಎಂದೇ ತಿಳಿಯದು, ಅಷ್ಟು ಗಾಢ. ಹಾಗಂತ ಪವರ್‌ನಲ್ಲಿ ರಾಜಿಯಿಲ್ಲ. ದೂರದ ಇರುವೆಯ ಮೀಸೆ ಎಣಿಸಬಹುದು, ಅಂಥ ಲೆನ್ಸು. ನಿದ್ದೆ ಮಾಡುವುದಕ್ಕೇ ಆದರೂ ತಪ್ಪು ಪವರ್ ಕೊಡುವ ಜಾಯಮಾನ ನನ್ನದಲ್ಲ.

ಆ ಶನಿವಾರದ ಮಧ್ಯಾಹ್ನಗಳು! ಪರದೆ ಎಳೆದ ಕೋಣೆಯಲ್ಲಿ ಹಸಿರು ಬಣ್ಣದ ಮಬ್ಬು ಬೆಳಕು. ಗಾಳಿಗೆ ಪರದೆ ಮೆಲ್ಲಗೆ ಉಬ್ಬಿ ಮೆಲ್ಲಗೆ ತಗ್ಗುತ್ತಿತ್ತು, ಕೋಣೆಯೇ ಉಸಿರಾಡುತ್ತಿದೆಯೇನೋ ಎನ್ನುವಂತೆ. ಸದ್ದಿಲ್ಲದ ಟೀವಿಯಲ್ಲಿ ಆಟಗಾರರು ನೀರಿನೊಳಗೆ ಓಡುವವರ ಹಾಗೆ ಓಡುತ್ತಿದ್ದರು. ಮೇಲಕ್ಕೆ ಒದ್ದ ಚೆಂಡು ಕೆಳಗಿಳಿಯಲು ಮನಸ್ಸಿಲ್ಲದೆ ಅಲ್ಲೇ ತಿರುಗುತ್ತಾ ನಿಲ್ಲುತ್ತಿತ್ತು. ನಮ್ಮವರು ಅಂಕ ಗಳಿಸಿದಾಗ ಭಾಮೈದನೂ ನಾನೂ ಬಾಯಿಗೆ ಟವಲಿನ ಒಂದೊಂದು ತುದಿ ತುರುಕಿಕೊಂಡು, ಒಬ್ಬರನ್ನೊಬ್ಬರು ತಬ್ಬಿ, ತುದಿಗಾಲಿನಲ್ಲಿ ಕುಣಿಯುತ್ತಿದ್ದೆವು. ಎಷ್ಟೋ ಸಲ ನನಗೂ ಜೊಂಪು ಹತ್ತಿ, ಯಾವುದು ಪಂದ್ಯ, ಯಾವುದು ಕನಸು ಎಂದು ತಿಳಿಯುತ್ತಿರಲಿಲ್ಲ. ಎರಡರಲ್ಲೂ ನಾವೇ ಗೆಲ್ಲುತ್ತಿದ್ದೆವು. ಅಷ್ಟು ಸುಖವಾಗಿ ನಾನು ಬೇರೆ ಯಾವ ಕಾಲದಲ್ಲೂ ಇದ್ದದ್ದಿಲ್ಲ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಹದಿನಾಲ್ಕು ಪಂದ್ಯ, ಹನ್ನೊಂದು ಗೆಲುವು. ಎರಡನೆಯದರ ಸೋಲು ಆಗಲೇ ಹೇಳಿದೆ. ಆರನೆಯದರಲ್ಲಿ ಗಿರಾಕಿಯೊಬ್ಬರು ಫೋನ್ ಮಾಡಿ, ಹೊಸ ಕನ್ನಡಕ ಹಾಕಿದರೆ ಮೆಟ್ಟಿಲು ಸೊಟ್ಟಗೆ ಕಾಣುತ್ತದೆ ಎಂದರು. ನಾನು ಹತ್ತು ನಿಮಿಷ ಸಮಾಧಾನ ಹೇಳುವಷ್ಟರಲ್ಲಿ ಅತ್ತೆ ಎದ್ದು ಕೂತಿದ್ದರು. ಹನ್ನೊಂದನೆಯ ಪಂದ್ಯದ ದಿನ ಅವರು ಕಣ್ಣು ತೋರಿಸಲು ಮಗಳ ಜೊತೆ ಆಸ್ಪತ್ರೆಗೆ ಹೋಗಿದ್ದರು. ನಾವಿಬ್ಬರೇ ಮನೆಯಲ್ಲಿ ಮನಸಾರೆ ಕೂಗಾಡಿದೆವು, ಸೋತೆವು. ಇನ್ನೇನು ಸಾಕ್ಷಿ ಬೇಕು?

ಸೆಮಿಫೈನಲ್ ಬಂತು. ಸುಮ್ಮನೆ ಹಳೆಯ ಕುರ್ಚಿಯಲ್ಲೇ ಮಲಗಿಸಿದ್ದರೆ ಆಗುತ್ತಿತ್ತು. ನನಗೆ ಅತಿಯಾಸೆ. ನನ್ನ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ದೊಡ್ಡ ಕುರ್ಚಿಯೊಂದಿದೆ, ಕೆಳಗಿನ ಪೆಡಲ್ ತುಳಿದರೆ ಮೇಲೇರುವಂಥದು. ಅದಕ್ಕೆ ಒರಗಿ ಕಣ್ಣಿಗೆ ಮದ್ದಿನ ಹನಿ ಬಿಡಿಸಿಕೊಂಡವರು ಅಲ್ಲೇ ನಿದ್ದೆ ಹೋಗುವುದನ್ನು ಹದಿನೆಂಟು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಅದನ್ನೇ ಮನೆಗೆ ತರಿಸಿದೆ. ಭಾಮೈದ ವ್ಯಾನಿನಲ್ಲಿ ತಂದವನು, ಪೆಡಲ್ ಬಿಗಿಯಾಗಿದೆ ಎಂದು ಅರ್ಧ ಗಂಟೆ ಅದರ ಕೆಳಗೆ ಮಲಗಿ ರಿಪೇರಿ ಮಾಡಿದ. ಲಿಫ್ಟ್ ಮೆಕ್ಯಾನಿಕ್ಕನ ಕೈಗೆ ಕುರ್ಚಿ ಕೊಡಬಾರದು ಎಂಬ ಜ್ಞಾನ ನನಗೆ ಆಗ ಇರಲಿಲ್ಲ.

ಎಪ್ಪತ್ತೊಂಬತ್ತು ನಿಮಿಷ ಎಲ್ಲವೂ ಕನಸಿನಂತೆ ನಡೆಯಿತು. ಅತ್ತೆಯ ಗೊರಕೆ, ಪರದೆಯ ಉಸಿರು, ನಾಲ್ಕು ಅಂಕದ ಮುನ್ನಡೆ. ಎಂಬತ್ತು ನಿಮಿಷ ತುಂಬಿತು, ಚೆಂಡು ನಮ್ಮ ಒಂಬತ್ತನೇ ನಂಬರಿನವನ ಕೈಯಲ್ಲಿ. ಅದನ್ನು ಗೆರೆಯಾಚೆ ಒದ್ದರೆ ಸಾಕು, ಆಟ ಮುಗಿದು ನಾವು ಫೈನಲ್‌ನಲ್ಲಿ. ನಾನು ಯಾವಾಗ ಎದ್ದೆನೋ, ಯಾವಾಗ ಅತ್ತೆಯ ಕುರ್ಚಿಯ ಹಿಂದೆ ಹೋಗಿ ನಿಂತೆನೋ ನನಗೇ ಗೊತ್ತಿಲ್ಲ. ಆ ಪುಣ್ಯಾತ್ಮ ಒದೆಯಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಓಡಲು ಹೊರಟ.

"ಒದಿಯೋ! ಹೊರಗೆ ಒದಿಯೋ!"

ನಾಲ್ಕು ತಿಂಗಳಿಂದ ಟವಲಿನೊಳಗೆ ಕೂಡಿಟ್ಟಿದ್ದ ಕೂಗು ಅದು. ಕೂಗಿನ ಜೊತೆ ನನ್ನ ಕಾಲೂ ಒದೆಯಿತು. ಒದ್ದದ್ದು ಪೆಡಲನ್ನು. ಕುರ್ಚಿ ಮೆಲ್ಲಗೆ, ಗಂಭೀರವಾಗಿ, ಹತ್ತನೇ ಮಹಡಿಗೆ ಹೊರಟಂತೆ ಮೇಲೇರತೊಡಗಿತು. ಕಪ್ಪು ಕನ್ನಡಕದ ಅತ್ತೆ ಕೈಕಟ್ಟಿಕೊಂಡು ಏರುತ್ತಲೇ ಹೋದರು. ತೂಗುದೀಪದ ಷೇಡು ಕಿರೀಟದ ಹಾಗೆ ಅವರ ತಲೆಗೆ ಹೊಂದಿಕೊಂಡ ಮೇಲೆಯೇ ಕುರ್ಚಿ ನಿಂತದ್ದು. ಅತ್ತೆ ಕನ್ನಡಕ ತೆಗೆದರು. ಅಷ್ಟೆತ್ತರದಿಂದ ನನ್ನನ್ನೊಮ್ಮೆ ನೋಡಿದರು. ಟೀವಿಯಲ್ಲಿ ಒಂಬತ್ತನೆಯವನ ಕೈಯಿಂದ ಚೆಂಡು ಜಾರಿತು, ಎದುರಾಳಿಯೊಬ್ಬ ಅದನ್ನೆತ್ತಿಕೊಂಡು ಓಡಿದ, ಓಡಿದ, ಕಂಬಗಳ ನಡುವೆ ಹೋಗಿ ಬಿದ್ದ. ಅದರಿಂದ ಅವರಿಗೆ ಏಳು ಅಂಕ, ನಾವು ಮೂರು ಅಂಕದಿಂದ ಸೋತೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಮ್ಮ ಇನ್ನೊಂದು ನಿಮಿಷ ನಿದ್ದೆ ಮಾಡಿದ್ದರೆ ಆಗುತ್ತಿತ್ತು ಎಂದು ಭಾಮೈದ ನೆಲದ ಮೇಲೆ ಬಿದ್ದುಕೊಂಡು ಗೋಳಾಡಿದ. "ಇದಕ್ಕೇ ಅಲ್ವೇನೋ ಇವರನ್ನ ನಾಲ್ಕು ತಿಂಗಳು ಇಟ್ಕೊಂಡಿದ್ದು" ಎಂದು ನಾನೂ ಗೋಳಾಡಿದೆ. ತಾಯಿಯ ತಲೆಯನ್ನು ದೀಪದಿಂದ ಬಿಡಿಸಲು ಹೆಂಡತಿ ಸ್ಟೂಲು ಹಿಡಿದುಕೊಂಡು ಬಂದದ್ದನ್ನು ನಾನು ನೋಡಿರಲಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಈಗ ಚಮಚಗಳನ್ನು ತೊಳೆದು ಒರೆಸಿಟ್ಟು, ಅವಳು ನನ್ನ ಕಡೆ ತಿರುಗಿದಳು. "ಅಮ್ಮ ಬಟ್ಟೆ ಮಡಿಸ್ತಿದ್ದಾರೆ. ಇವತ್ತು ಹೊರಟೋಗ್ತಾರೆ. ಯಾಕೆ ಇಟ್ಕೊಂಡಿದ್ರಿ ಅಂತ ನೀವೇ ಹೋಗಿ ನಿಮ್ಮ ಬಾಯಲ್ಲಿ ಹೇಳಿ. ಹೇಳದೆ ಕಳಿಸಿದ್ರೆ, ಇನ್ಮೇಲೆ ನೀವು ಏನು ಮಾಡಿದ್ರೂ ನಾನು ನಂಬೋದಿಲ್ಲ."

ನನ್ನ ಕಾಫಿ ಆರಿಹೋಯಿತು. ಟ್ರೋಫಿ ಹೋದರೆ ಮುಂದಿನ ವರ್ಷ ಬಂದೀತು. ಹೆಂಡತಿಯ ಕಣ್ಣಲ್ಲಿ ಒಂಬತ್ತು ವರ್ಷಕ್ಕೊಮ್ಮೆ ಏರಿದ ಬೆಲೆ ಒಮ್ಮೆ ಇಳಿದರೆ ಮತ್ತೆ ಯಾವ ಪೆಡಲ್ ತುಳಿದು ಏರಿಸುವುದು? ಭಾಮೈದನನ್ನು ಆಸರೆಗೆ ಎಳೆದುಕೊಂಡು ನಡುಮನೆಗೆ ಹೋದೆ.

ಅತ್ತೆ ಈಗ ಕೆಳಗಿಳಿದಿದ್ದ ಅದೇ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಸ್ವೆಟರುಗಳನ್ನಿಟ್ಟುಕೊಂಡು ಮಡಿಸುತ್ತಿದ್ದರು. ಕಪ್ಪು ಕನ್ನಡಕ ಹಣೆಯ ಮೇಲಿತ್ತು. ನಾನು ನೆಲ ನೋಡುತ್ತಾ ಎಲ್ಲವನ್ನೂ ಒಪ್ಪಿಕೊಂಡೆ. ಬಿಸಿಲು, ಗಾಳಿ, ಬಸ್ಸಿನ ಕುಲುಕಾಟ ಎಲ್ಲ ಸುಳ್ಳು, ಅವರ ನಿದ್ದೆಯೊಂದೇ ನಿಜ ಎಂದೆ. ತಪ್ಪಾಯ್ತು ಎಂದೆ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

ಅತ್ತೆ ಸ್ವೆಟರಿನ ತೋಳನ್ನು ನೇರ ಮಾಡಿದರು. "ಅಂದ್ರೆ, ನಾನು ನಿದ್ದೆ ಮಾಡಿದ್ರೆ ನಮ್ಮ ತಂಡ ಗೆಲ್ಲುತ್ತೆ ಅಂತ?"

ನಮ್ಮ ತಂಡ! ನಾನು ತಲೆಯೆತ್ತಿದೆ.

"ಅಳಿಯಂದ್ರೇ, ಮೊದಲನೇ ಮ್ಯಾಚೊಂದು ಬಿಟ್ರೆ ನಾನು ಒಂದು ಶನಿವಾರವೂ ನಿದ್ದೆ ಮಾಡಿಲ್ಲ."

ಆಮೇಲೆ ಅವರು ಶಾಂತವಾಗಿ, ಮಡಿಸುವ ಕೆಲಸ ನಿಲ್ಲಿಸದೆ, ಎಲ್ಲವನ್ನೂ ಹೇಳಿದರು. ಎರಡನೇ ಪಂದ್ಯದಲ್ಲಿ ಅವರು ಕೇಳಿದ್ದು ಒಂದು ಪ್ರಶ್ನೆ, ನಾನು ಉತ್ತರ ಹೇಳಿದ್ದು ನಲವತ್ತು ನಿಮಿಷ. ಮೂರನೇ ಪಂದ್ಯದಲ್ಲಿ ನನ್ನ ವಿವರಣೆಯಿಂದ ಪಾರಾಗಲು ಕಣ್ಣು ಮುಚ್ಚಿ ಗೊರಕೆ ಹೊಡೆದರಂತೆ. ನಾನು ಬಾಯಿ ಮುಚ್ಚಿದೆ, ತಂಡ ಗೆದ್ದಿತು. ಮುಂದೆ ನಾನೇ ಕಪ್ಪು ಕನ್ನಡಕವನ್ನೂ ತಂದುಕೊಟ್ಟೆ. ಅದರಲ್ಲಿ ಆಟಗಾರರ ಬೂಟಿನ ಲೇಸೂ ಕಾಣುತ್ತಿತ್ತಂತೆ. ಲೋಕಕ್ಕೆಲ್ಲ ಕಣ್ಣು ಪರೀಕ್ಷೆ ಮಾಡುವ ನನಗೆ, ನಾಲ್ಕಡಿ ದೂರದಲ್ಲಿದ್ದ ಎರಡು ಕಣ್ಣು ತೆರೆದಿವೆಯೋ ಮುಚ್ಚಿವೆಯೋ ತಿಳಿದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

"ಆರನೇ ಮ್ಯಾಚಲ್ಲಿ ಫೋನ್ ಹಿಡ್ಕೊಂಡು ಮೆಟ್ಟಿಲ ವಿಷಯ ಮಾತಾಡಿದ್ದು ಯಾರು?" ಎಂದರು ಅತ್ತೆ. "ಹನ್ನೊಂದನೇದರಲ್ಲಿ ನಾನು ಆಸ್ಪತ್ರೇಲಿದ್ದೆ. ಮನೇಲಿ ಕಿರುಚಾಡಿದ್ದು ಯಾರು? ನೀವು ಬಾಯಿ ಬಿಟ್ಟಾಗೆಲ್ಲ ನಾವು ಸೋತಿದ್ದೀವಿ. ಕಣ್ಣು ಎರಡು ವಾರಕ್ಕೇ ಸರಿಹೋಗಿತ್ತು. ನೀವು ನನ್ನ ಇಟ್ಕೊಂಡಿದ್ದಲ್ಲ, ನಾನೇ ಉಳ್ಕೊಂಡಿದ್ದು. ನಿಮ್ಮ ಬಾಯಿ ಮುಚ್ಚಿಸೋಕೆ ನಾಲ್ಕು ತಿಂಗಳು ಗೊರಕೆ ಹೊಡೆದು ಹೊಡೆದು ನನ್ನ ಗಂಟಲೇ ಕೆಟ್ಟಿದೆ."

ಅವರು ಕೊನೆಯ ಸ್ವೆಟರನ್ನು ಚೀಲಕ್ಕೆ ಹಾಕಿದರು.

"ನಿನ್ನೆ ನಾನು ಕಣ್ಣು ಬಿಟ್ಟಿದ್ದು ಆಮೇಲೆ. ಮೊದಲು ನೀವು ಬಾಯಿ ಬಿಟ್ರಿ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನಮಗೆ ಸೆಮಿಫೈನಲ್ಲೇ ಹೋಯ್ತು."

ಭಾಮೈದ ನನ್ನ ಪಕ್ಕದಿಂದ ಎರಡು ಹೆಜ್ಜೆ ಸರಿದು ನಿಂತು, ತಂಡಕ್ಕೆ ದ್ರೋಹ ಬಗೆದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. ಹೆಂಡತಿ ಬಾಗಿಲಿಗೆ ಒರಗಿ ನಗತೊಡಗಿದಳು, ನಕ್ಕು ನಕ್ಕು ಅಲ್ಲೇ ಕುಸಿದು ಕೂತಳು. ಅವಳು ನಕ್ಕಿದ್ದು ನೋಡಿ ನನಗೆ ಜೀವ ಬಂತು. ಮುಂದಿನ ಸೀಸನ್ನಿನ ಮೊದಲ ಶನಿವಾರಕ್ಕೆ ಬರುವುದಾಗಿಯೂ, ಈ ಕುರ್ಚಿ ಇಲ್ಲೇ ಇರಲಿ ಎಂದೂ ಅತ್ತೆ ಹೇಳಿದರು.

ಜೀವ ಬಂದದ್ದೇ ತಪ್ಪಾಯಿತು. ಎಷ್ಟಾದರೂ ನಾನು ಆಟ ಬಲ್ಲವನು. ಸೋಲಿನ ಹೊಣೆಯೆಲ್ಲ ಹೀಗೆ ನನ್ನೊಬ್ಬನ ಬಾಯಿಗೆ ಬೀಳುವುದು ನ್ಯಾಯವೇ?

"ಹಾಗಲ್ಲ ಅತ್ತೆ," ಎಂದೆ, ಸ್ಟೂಲು ಎಳೆದುಕೊಂಡು ಅವರ ಮುಂದೆ ಕೂರುತ್ತಾ. "ಆ ಒಂಬತ್ತನೆಯವನು ಯಾಕೆ ಒದೀಲಿಲ್ಲ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಕೇಳಿ..."

ಅತ್ತೆ ಹಣೆಯ ಮೇಲಿದ್ದ ಕಪ್ಪು ಕನ್ನಡಕವನ್ನು ಕಣ್ಣಿಗೆ ಇಳಿಸಿದರು, ತಲೆಯನ್ನು ಎಡಕ್ಕೆ ವಾಲಿಸಿದರು, ಸಣ್ಣಗೆ ಗೊರಕೆ ಹೊಡೆಯತೊಡಗಿದರು.