ಯಾರೂ ಕೊಡದ ಎರಡು ವರ್ಷ

ಅನಾಹುತಕ್ಕೆಲ್ಲ ಮೂಲ ಆರೋಗ್ಯ ಸಮೀಕ್ಷೆಯ ಏಳನೆಯ ಪ್ರಶ್ನೆ. ಮೊದಲ ಆರಕ್ಕೆ ಬೀದಿಯ ಜನ ನಗುನಗುತ್ತಲೇ ಉತ್ತರಿಸಿದ್ದರು.

ಪ್ರಶ್ನೆ ಹೀಗಿತ್ತು: ‘ಸಕ್ಕರೆ ಕಾಯಿಲೆಯೊಂದಿಗೆ ಹತ್ತು ವರ್ಷ ಬದುಕುವ ಬದಲು, ಪೂರ್ಣ ಆರೋಗ್ಯದಿಂದ ಅದಕ್ಕಿಂತ ಕಡಿಮೆ ಕಾಲ ಬದುಕಬಹುದಾದರೆ, ಎಷ್ಟು ವರ್ಷ ಬಿಟ್ಟುಕೊಡುತ್ತೀರಿ?’ ಜನ ಬಿಟ್ಟುಕೊಡುವ ವರ್ಷ ಹೆಚ್ಚಿದಷ್ಟೂ ಕಾಯಿಲೆಯ ಹೊರೆ ಹೆಚ್ಚೆಂದು ಲೆಕ್ಕ. ಹೊರೆ ಹೆಚ್ಚಿದಷ್ಟೂ ದುಬಾರಿ ಔಷಧಕ್ಕೆ ಸರ್ಕಾರ ಹಣ ತೆರುವುದು ನ್ಯಾಯ. ದಿನಕ್ಕೆ ಮೂರರ ಬದಲು ಒಂದೇ ಚುಚ್ಚುಮದ್ದು ಸಾಕಾಗುವ ಹೊಸ ಔಷಧವನ್ನು ಉಚಿತವಾಗಿ ಹಂಚಬೇಕೇ ಎಂಬುದನ್ನು ಸರ್ಕಾರದ ಸಮಿತಿ ಅಂದೇ ಸಂಜೆ ತೀರ್ಮಾನಿಸಲಿತ್ತು. ಸಮೀಕ್ಷೆಗೆ ಮಾದರಿ ಬೀದಿಯೊಂದನ್ನು ಆರಿಸಲು ಚೀಟಿ ಎತ್ತಿದಾಗ ಬಂದದ್ದು, ಪ್ರಶ್ನೆ ಕೇಳಬೇಕಾದ ಸಂಶೋಧಕನದೇ ಬೀದಿ. ಅವನು ಒಳಗೊಳಗೇ ಹಿಗ್ಗಿದ್ದನು. ಏಕೆಂದರೆ, ಅವನ ಮನೆಯಲ್ಲಿದ್ದ ಅತ್ತೆಯ ತೋಳು ದಿನಕ್ಕೆ ಮೂರು ಸಲ ಚುಚ್ಚಿಸಿಕೊಂಡು ಗುಂಡುಸೂಜಿ ಸಿಕ್ಕಿಸುವ ದಿಂಬಿನಂತಾಗಿತ್ತು.

ಇದ್ದದ್ದು ಒಂದೇ ಕಟ್ಟಳೆ: ಉತ್ತರದಿಂದ ಏನಾಗುತ್ತದೆಂಬುದನ್ನು ಯಾರಿಗೂ ಹೇಳಕೂಡದು. ಹೇಳಿದರೆ ಉತ್ತರ ಕಲುಷಿತವಾಗುತ್ತದೆ. ಕಟ್ಟಳೆ ಮೀರುವ ಜಾಯಮಾನ ಅವನದಲ್ಲ.

ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಕನ್ನಡಕ ಏರಿಸಿಕೊಂಡರು.

“ಎರಡು ವರ್ಷ ಬಿಟ್ಕೊಟ್ಟೆ ಅಂತಿಟ್ಕೊಳ್ಳಿ. ಅದು ಯಾರ ಖಾತೆಗೆ ಜಮಾ ಆಗುತ್ತೆ?”

“ಯಾರ ಖಾತೆಗೂ ಇಲ್ಲ ಸಾರ್. ಇದು ಬರೀ ಊಹೆ.”

“ಊಹೆಗೆ ನನ್ನ ಆಯಸ್ಸೇ ಯಾಕ್ರೀ? ನಿಮ್ಮದನ್ನೇ ಇಟ್ಕೊಂಡು ಊಹಿಸಿ! ರಸೀದಿ ಇಲ್ದೆ ನಾನು ಒಂದು ದಿನಾನೂ ಬಿಟ್ಕೊಡಲ್ಲ. ಸೊನ್ನೆ ಅಂತ ಬರ್ಕೊಳ್ಳಿ.”

ಪಕ್ಕದ ಮನೆಯ ದರ್ಜಿ ಪಾದ ತಿಕ್ಕಿಕೊಳ್ಳುತ್ತ ಕುಳಿತಿದ್ದನು. “ಈ ಕಾಲುರಿ ನೋಡಿದ್ರೆ ಮೂರು ವರ್ಷನಾದ್ರೂ...” ಎಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೆಂಡತಿ ಸೌಟಿನ ಸಮೇತ ಬಂದಳು.

“ಮೂರು ವರ್ಷ ಕೊಟ್ಟು ನನ್ನ ಕೈಗೆ ಏನು ಕೊಡ್ತೀರಿ, ಕತ್ತರಿನಾ?” ಎಂದು ಗಂಡನನ್ನು ಗದರಿ, ಸಂಶೋಧಕನತ್ತ ತಿರುಗಿದಳು. “ನಿನ್ನನ್ನ ತಮ್ಮ ಅಂತ ಒಳಗೆ ಕರೆದ್ರೆ, ನಮ್ಮ ಯಜಮಾನ್ರು ಯಾವಾಗ ಹೋಗ್ತಾರೆ ಅಂತ ಕೇಳ್ತೀಯಲ್ಲಪ್ಪಾ! ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ವಾ?”

“ಅಕ್ಕಾ, ನಾನು ಕೇಳಿದ್ದು ಅದಲ್ಲ...”

“ಸೊನ್ನೆ,” ಎಂದನು ದರ್ಜಿ, ಸೌಟನ್ನೇ ನೋಡುತ್ತ.

ಮಧ್ಯಾಹ್ನದ ಹೊತ್ತಿಗೆ ಸುದ್ದಿಗೆ ಕಾಲು ಬಂದಿತ್ತು. ಇವನು ಬಡವರ ಆಯಸ್ಸು ಕಿತ್ತು ಸಾಹುಕಾರರಿಗೆ ಅಂಟಿಸುತ್ತಾನಂತೆ, ಕಚೇರಿಯಲ್ಲಿ ಅದಕ್ಕೆ ಯಂತ್ರವೇ ಇದೆಯಂತೆ. ಅವನು ಬೀದಿಗಿಳಿದರೆ ಸಾಕು, ಬಾಗಿಲುಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು, ಕಿಟಕಿಗಳಿಂದ “ಸೊನ್ನೆ! ನಮ್ಮದೂ ಸೊನ್ನೆ!” ಎಂಬ ಕೂಗು ಕಲ್ಲೆಸೆದಂತೆ ಬಂದು ಬೀಳುತ್ತಿತ್ತು. ನಿಜ ಹೇಳಿಬಿಡೋಣವೆಂದು ನಾಲಿಗೆ ತುದಿಯವರೆಗೆ ಬಂದದ್ದನ್ನು ಪ್ರತಿ ಮನೆಯ ಮುಂದೆಯೂ ನುಂಗಿಕೊಂಡನು.

ಕೊನೆಗೆ ಉಳಿದವರು ಅತ್ತೆಯೊಬ್ಬರೇ.

“ಎಷ್ಟು ಬರೆದ್ರೆ ನಿಮಗೆ ಅನುಕೂಲ, ಅಳಿಯಂದ್ರೇ?”

“ಅದನ್ನ ನಾನು ಹೇಳೋ ಹಾಗಿಲ್ಲ ಅತ್ತೆ.”

“ಹಾಗಾದ್ರೆ ಹತ್ತೂ ಬರ್ಕೊಳ್ಳಿ. ಅಳಿಯನ ಹತ್ರ ಎಂಥಾ ಚೌಕಾಸಿ!”

ಕಣ್ಣೊರೆಸಿಕೊಂಡು ಬರೆದುಕೊಂಡನು.

ಕಚೇರಿಯಲ್ಲಿ ನಿರ್ದೇಶಕರು ಉತ್ತರಗಳನ್ನು ಕಂಪ್ಯೂಟರಿಗೆ ಉಣಿಸಿದರು.

“ಹತ್ತಕ್ಕೆ ಹತ್ತು ಕೊಟ್ಟೋರಿಗೆ ಪ್ರಶ್ನೆಯೇ ಅರ್ಥವಾಗಿಲ್ಲ ಅಂತ ಕಂಪ್ಯೂಟರ್ ಅದನ್ನ ಕೈಬಿಟ್ಟಿದೆ. ಉಳಿದದ್ದೆಲ್ಲ ಸೊನ್ನೆ. ಅಂದ್ರೆ ಈ ಕಾಯಿಲೆಯಿಂದ ನಿಮ್ಮ ಬೀದಿಯೋರಿಗೆ ತೊಂದರೆಯೇ ಇಲ್ಲ!”

ಸಂಶೋಧಕನ ತಾಳ್ಮೆಯ ಕಟ್ಟೆ ಒಡೆಯಿತು. “ತೊಂದರೆ ಇಲ್ವಾ ಸಾರ್? ದರ್ಜಿಗೆ ಕಾಲೂರೋಕೆ ಆಗಲ್ಲ. ನಮ್ಮತ್ತೆ ತೋಳಲ್ಲಿ ಸೂಜಿ ಹೋಗೋಕೆ ಜಾಗ ಉಳಿದಿಲ್ಲ. ಬದುಕೋ ಆಸೆ ಇರೋರಿಗೆ ನೋವೇ ಇಲ್ಲ ಅನ್ನೋದು ಯಾವ ಸೀಮೆ ಲೆಕ್ಕ? ಇದನ್ನ ಮಾಡಿದೋನಿಗೆ ಮನುಷ್ಯತ್ವ ಇದೆಯಾ?”

ನಿರ್ದೇಶಕರು ಹಾಳೆಯೊಂದನ್ನು ತಿರುಗಿಸಿ ತೋರಿಸಿದರು. “ಇದು ನಿಮ್ಮದೇ ಸೂತ್ರ ಅಲ್ವೇನ್ರೀ?”

ಸಮಿತಿಯ ಸಭೆ ಬೇಗನೆ ಮುಗಿಯಿತು. ನಿರ್ದೇಶಕರು ಮುಖವರಳಿಸಿಕೊಂಡು ಹೊರಬಂದರು.

“ಔಷಧ ಬೇಡ ಅಂತಾಯ್ತು. ಆದ್ರೆ ಕಾಯಿಲೆ ಇದ್ದೂ ಇಷ್ಟು ಸುಖವಾಗಿರೋ ಬೀದಿಯನ್ನ ಸಮಿತಿ ಕಂಡೇ ಇಲ್ವಂತೆ. ಉಳಿದ ದುಡ್ಡಲ್ಲಿ ಆ ಸುಖದ ಗುಟ್ಟೇನು ಅಂತ ಮನೆಮನೆಗೂ ಹೋಗಿ ಕೇಳಬೇಕಂತೆ. ನಿಮ್ಮನ್ನೇ ನೇಮಿಸಿದ್ದಾರೆ.”

“ನನ್ನನ್ನಾ? ಅದೇ ಬೀದಿಗಾ? ಎಷ್ಟು ಕಾಲ ಸಾರ್?”

“ಎರಡು ವರ್ಷ.”

ಮನೆಗೆ ಬಂದಾಗ ಅತ್ತೆ ಮೂರನೆಯ ಚುಚ್ಚುಮದ್ದಿಗೆ ತೋಳು ಮುಂದೆ ಮಾಡಿ ಕುಳಿತಿದ್ದರು.

“ನನ್ನನ್ನ ಬಿಟ್ಟು ಇನ್ಯಾರಾದ್ರೂ ವರ್ಷ ಕೊಟ್ರಾ, ಅಳಿಯಂದ್ರೇ?”

“ಒಬ್ಬ ಕೊಟ್ಟ ಅತ್ತೆ. ಎರಡು.”

“ಅಯ್ಯೋ ಪಾಪ! ಯಾರಪ್ಪ ಆ ದಡ್ಡ?”

ಸಂಶೋಧಕ ಸಿರಿಂಜು ಹಿಡಿದು, ಚುಚ್ಚಲು ಎಲ್ಲಾದರೂ ಜಾಗವಿದೆಯೇ ಎಂದು ಹುಡುಕತೊಡಗಿದನು.