ಕೆಂಚೇಶನ ಮನೆಯೊಳಗೆ ನಾಗರಾಜಪ್ಪ ಸರ್

ಇದು ಚನ್ನಗಿರಿಯಲ್ಲಿ ನಡೆದದ್ದೇ. ಸುಳ್ಳೆನ್ನುವವರು ಪುಷ್ಪಕ್ಕನನ್ನು ಕೇಳಬಹುದು. ಆಕೆ ಇನ್ನೂ ಒಂದಿಷ್ಟು ಸೇರಿಸಿಯೇ ಹೇಳುತ್ತಾಳೆ.

ಎಂಜಿನಿಯರಿಂಗ್ ಓದುವ ಕೆಂಚೇಶನಿಗೆ ಮೂರನೇ ಸೆಮಿಸ್ಟರಿನ ಮ್ಯಾಥ್ಸ್ ನಾಲ್ಕು ಸಲ ಕೈಕೊಟ್ಟಿತ್ತು. ನಾಳೆ ಬೆಳಿಗ್ಗೆ ಐದನೇ ಸಲ. ಇದೂ ಹೋದರೆ ಮುಂದಿನ ವರ್ಷಕ್ಕೆ ಹತ್ತಿಸುವುದಿಲ್ಲವೆಂದು ಕಾಲೇಜಿನವರು ಹೇಳಿಯಾಗಿತ್ತು. ಅವ್ವ ಶಿವಗಂಗಮ್ಮ ಹೊಲಿಗೆ ಅಂಗಡಿಗೆ ಹೊರಡುವಾಗ, "ಓದ್ಕೋ ಮಗ, ನಾನೇನೂ ಅನ್ನಲ್ಲ" ಎಂದಿದ್ದಳು. ಅಂದಿದ್ದರೇ ವಾಸಿಯಿತ್ತು.

ಪುಸ್ತಕ ತೆರೆದರೆ, ಒಣಹಾಕಿದ ಮೆಕ್ಕೆಜೋಳಕ್ಕೆ ನುಗ್ಗಿದ ಕೋಳಿಯಂತೆ ಮನಸ್ಸು ಕಂಡಲ್ಲೆಲ್ಲ ಕೆದಕುತ್ತಿತ್ತು. ಬೇಸತ್ತು ಕೆಂಚೇಶ, ತನಗೆ ಬರುವ ಒಂದೇ ವಿದ್ಯೆಗೆ ಕೈಹಾಕಿದ. ಮ್ಯಾಥ್ಸಿನ ನಾಗರಾಜಪ್ಪ ಸರ್ ದನಿ ತೆಗೆದು, ಎರಡು ಸಲ ಕೆಮ್ಮಿ, "ಮುಂದೇನ್ರಪ್ಪಾ?" ಎಂದ.

ಆಶ್ಚರ್ಯ, ಲೆಕ್ಕ ಮುಂದಕ್ಕೆ ಹೋಯಿತು. ಕೆಂಚೇಶ ಕೇಳಿದರೆ ಕೆಂಚೇಶನಿಗೆ ಆಕಳಿಕೆ. ಸರ್ ಕೇಳಿದರೆ ಉತ್ತರ.

ಗೋಡೆಯಾಚೆ ಪಕ್ಕದ ಮನೆಯ ಪುಷ್ಪಕ್ಕನ ಕಿವಿ ನೆಟ್ಟಗಾಯಿತು. ನಾಗರಾಜಪ್ಪ ಸರ್ ಅದೇ ಊರಿನವರು, ದಿನಾ ಬಸ್ಸಿನಲ್ಲಿ ದಾವಣಗೆರೆಯ ಕಾಲೇಜಿಗೆ ಹೋಗಿಬರುವವರು. ಆ ಕೆಮ್ಮು ಗೊತ್ತಿಲ್ಲದವರಿಲ್ಲ. ಮನೆಗೆ ಬಂದ ಮೇಷ್ಟ್ರಿಗೆ ಏನೂ ಕೊಡದಿದ್ದರೆ ಓಣಿಯ ಮಾನವೇನಾಗಬೇಕು?

"ಸರ್, ಒಗ್ಗರಣೆ ಮಂಡಕ್ಕಿ ತಂದೀನಿ," ಬಾಗಿಲು ಬಡಿದಳು.

ಕೆಂಚೇಶ ನಿಜ ಹೇಳಲೆಂದೇ ಎದ್ದ. ಅಷ್ಟರಲ್ಲಿ ಬೆಳ್ಳುಳ್ಳಿ ಘಮ ಒಳಗೆ ಬಂತು. ಕೆಮ್ಮಿದ.

"ಅಲ್ಲೇ ಇಟ್ಟು ಹೋಗಮ್ಮ. ಹುಡುಗ ಈಗಿನ್ನೂ ದಾರಿಗೆ ಬರಾಕೆ ಹತ್ಯಾನೆ."

ಅರ್ಧ ಗಂಟೆಯೊಳಗೆ ಪುಷ್ಪಕ್ಕನ ಮಗಳು ಮೇಘಶ್ರೀ, ಸೆಕೆಂಡ್ ಪಿಯುಸಿ ಗೆಳತಿಯರೈವರ ಜೊತೆ ಜಗಲಿಯಲ್ಲಿ ಹಾಜರು.

"ಸರ್, ಇಂಟಿಗ್ರೇಷನ್ ಒಂದೂ ತಿಳಿತಿಲ್ಲ. ಒಳಗೆ ಬರ್ಲಾ?"

"ಬ್ಯಾಡ, ಒಳಗೆ ಸೆಕೆ ಐತೆ. ಅಲ್ಲೇ ಕೂತು ಬರ್ಕೊಳ್ರಿ."

ತರಗತಿಯಲ್ಲಿ ಒಂದು ಪ್ರಶ್ನೆಗೂ ಬಾಯಿ ಬಿಡದವನು ಆರು ಹುಡುಗಿಯರ ಅನುಮಾನಗಳಿಗೆಲ್ಲ ಕಿಟಕಿ ಪರದೆಯ ಹಿಂದಿನಿಂದ ಉತ್ತರ ಕೊಟ್ಟ. ತಾನು ಪಾಸಾಗಬಹುದು ಎಂದು ಎರಡು ವರ್ಷದಲ್ಲಿ ಮೊದಲ ಬಾರಿ ಅವನಿಗೆ ಅನ್ನಿಸಿತು.

ಐದು ಗಂಟೆಗೆ ಹಾಲು ತರಲು ಹೋದ ಪುಷ್ಪಕ್ಕ, ಬಸ್ಸಿಳಿಯುತ್ತಿದ್ದ ನಾಗರಾಜಪ್ಪ ಸರ್ ಎದುರು ನಿಂತುಬಿಟ್ಟಳು.

"ಇದೇನ್ ಸರ್, ಒಳಗಿದ್ರಲ್ಲ, ಯಾವಾಗ ಹೊರಗೆ ಬಂದ್ರಿ?"

"ಎಲ್ಲಿ ಒಳಗಮ್ಮ?"

"ಶಿವಗಂಗಮ್ಮನ ಮನೇಲಿ. ಮಂಡಕ್ಕಿಗೆ ಖಾರ ಜಾಸ್ತಿ ಆತೇನೋ, ಭಾಳ ಕೆಮ್ತಿದ್ರಿ."

ಸರ್ ಆಕೆಯ ಜೊತೆಗೇ ಬಂದರು. ಹುಡುಗಿಯರಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿ ಕಿಟಕಿಯ ಪಕ್ಕ ನಿಂತರು. ಒಳಗಿನಿಂದ ಅವರದೇ ದನಿ: "ಸೈನ್ ಎಕ್ಸ್ ಇಂಟಿಗ್ರೇಟ್ ಮಾಡಿದ್ರೆ ಏನ್ ಬರ್ತತ್ರಪ್ಪಾ? ಪ್ಲಸ್ ಕಾಸ್ ಎಕ್ಸ್."

ಹೊರಗೆ ಕೆಮ್ಮು ಕೇಳಿತು. ಒಳಗೆ ದನಿ ಅಡಗಿತು. ಬಾಗಿಲು ತೆರೆದ ಕೆಂಚೇಶನ ಮುಖ ತೊಳೆದಿಟ್ಟ ಸ್ಲೇಟಿನಂತಿತ್ತು.

"ಕೆಮ್ಮು ಸರಿಯಾಗೈತೆ," ಎಂದರು ಸರ್. "ಕಾಸ್ ಹಿಂದಿನ ಮೈನಸ್ ಎಲ್ಲಿ?"

"ನೀವು ಬೋರ್ಡ್ ಮೇಲೆ ಪ್ಲಸ್ ಅಂತ್ಲೇ ಬರೆದಿದ್ರಿ ಸರ್. ನಾಕು ಪರೀಕ್ಷೇಲೂ ಹಂಗೇ ಬರೆದೆ."

ಸರ್ ಹಣೆ ಉಜ್ಜಿಕೊಂಡರು. "ಬೆಲ್ ಹೊಡೆದಿತ್ತು, ಅವಸರದಾಗೆ ತಪ್ಪಿದ್ದೆ. ಮಾರನೇ ದಿನಾನೇ ತಿದ್ದಿದ್ನಲ್ಲಪ್ಪ."

"ಮಾರನೇ ದಿನ ಕ್ಲಾಸಿಗೆ ಬಂದಿರ್ಲಿಲ್ಲ ಸರ್." ಕೆಂಚೇಶ ನೆಲ ನೋಡಿದ. "ಕಾಲೇಜ್ ಡೇಗೆ ನಿಮ್ದೇ ಮಿಮಿಕ್ರಿ ಪ್ರಾಕ್ಟೀಸ್ ಮಾಡ್ತಿದ್ದೆ."

ಸರ್ ಜಗಲಿಯ ಮೇಲೆ ಕುಸಿದು ಕೂತರು. ಕನ್ನಡಕ ತೆಗೆದರು. ಭುಜ ಕುಲುಕತೊಡಗಿದಾಗ ಅಳುತ್ತಿದ್ದಾರೆಂದು ಪುಷ್ಪಕ್ಕ ನೀರು ತರಲು ಓಡಿದಳು. ಅವರು ನಗುತ್ತಿದ್ದರು.

"ಏಳು ನೋಟ್‌ಬುಕ್ಕಿನಾಗೂ ನನ್ ತಪ್ಪೇ ಕೂತೈತಲ್ಲೋ. ಮೊದ್ಲು ಈ ಹುಡುಗೀರ್ದು ತಿದ್ದು, ಆಮೇಲೆ ನಿಂದು. ನಾನಿಲ್ಲೇ ಕೂತಿರ್ತೀನಿ."

ಕೆಂಚೇಶ ಎಣಿಸಿದ. ಏಳು ನೋಟ್‌ಬುಕ್ಕಿನಲ್ಲಿ ಆರಾರು, ಒಟ್ಟು ನಲವತ್ತೆರಡು ಲೆಕ್ಕ, ಎಲ್ಲ ಮೊದಲಿನಿಂದ. ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆ.

"ಯಾರ ದನೀಲಿ ಹೇಳ್ಲಿ ಸರ್?"

"ನಿಂದೇ ದನೀಲಿ ಹೇಳಪ್ಪ. ನಂದು ನಂಬ್ಕೊಂಡು ನಾಕು ಸಲ ಬಿದ್ದೀಯ," ಎಂದ ಸರ್, ಹುಡುಗಿಯರೆಲ್ಲರ ನಗೆಯನ್ನೂ ಮೀರಿಸಿ ನಕ್ಕು, ನಿಜವಾಗಿಯೇ ಕೆಮ್ಮಿದರು.